ತಲೆಕೆಳಗಾದ ಮಜ್ಜಿಗೆ ಹುಲ್ಲು

ಎಲ್ಲಕ್ಕೂ ಮೂಲ ಒಂದು ಉಪ್ಪೇಡಿ. ಹಿಂದಿನ ಸಂಜೆ ಉಬೊನ್ ದೊಡ್ಡಮ್ಮ ಕಾಲುವೆ ದಂಡೆಯ ಅಂಗಡಿಯಲ್ಲಿ ಉಪ್ಪಿಗೆ ಹಾಕಿದ ಏಡಿ ಕುಟ್ಟಿ ಬೆರೆಸಿದ ಪಪ್ಪಾಯಿ ಕೋಸಂಬರಿ ತಿಂದರು. ಒಂದು ತಟ್ಟೆಗೆ ನಿಲ್ಲಿಸಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಚೆನ್ನಾಗಿದೆ ಅಂತ ಇನ್ನೊಂದು ತಟ್ಟೆ ತರಿಸಿದರು. ಬೆಳಗಾಗುವ ಹೊತ್ತಿಗೆ ಅವರು ಚಾಪೆಗೂ ಪಾಯಿಖಾನೆಗೂ ಓಡಾಡಿ ಓಡಾಡಿ ಸೋತು, ಚಾಪೆಯನ್ನೇ ಪಾಯಿಖಾನೆಯ ಬಾಗಿಲಿಗೆ ತಂದು ಹಾಸಿಕೊಂಡಿದ್ದರು.

ಬೇರೆ ಯಾರ ಹೊಟ್ಟೆ ಕೆಟ್ಟಿದ್ದರೂ ಚಿತ್ರತಂಡ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾಯಕಿಯದು ಕೆಟ್ಟಿದ್ದರೆ ಇನ್ನೊಬ್ಬಳಿಗೆ ಅದೇ ಬಟ್ಟೆ ತೊಡಿಸಿ ಬೆನ್ನು ತೋರಿಸಿ ಕುಣಿಸುತ್ತಿದ್ದರು. ನಿರ್ದೇಶಕ ಚರುನ್‌ನದು ಕೆಟ್ಟಿದ್ದರೆ ಸಂಜೆಯವರೆಗೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲವೇನೋ. ಉಬೊನ್ ದೊಡ್ಡಮ್ಮನ ಮಾತು ಹಾಗಲ್ಲ. ಅವರು ಮಳೆ ನಿಲ್ಲಿಸುವವರು. ಹೆಸರಿಗೆ ಗುಂಡಿ ಹೊಲಿಯುವ ಕೆಲಸ. ನಿಜವಾದ ಕೆಲಸವೆಂದರೆ ಹೊರಾಂಗಣ ಚಿತ್ರೀಕರಣದ ದಿನ ಬೆಳಗ್ಗೆ ಒಂದು ಮಜ್ಜಿಗೆ ಹುಲ್ಲಿನ ದಂಟನ್ನು ಬೇರು ಮೇಲಾಗಿ, ಎಲೆ ಕೆಳಗಾಗಿ ಮಣ್ಣಿನಲ್ಲಿ ನೆಡುವುದು. ನೆಟ್ಟು ಆಕಾಶದತ್ತ ಕೈಮುಗಿದು ನಾಲ್ಕು ಮಾತು ಹೇಳಿದರೆ ಮೋಡ ಬೇರೆ ಊರಿನ ದಾರಿ ಹಿಡಿಯುತ್ತದೆ. ಷರತ್ತು ಒಂದೇ. ನೆಡುವವರು ಶುದ್ಧವಾಗಿರಬೇಕು, ಅಂದರೆ ಇನ್ನೊಬ್ಬರ ಹಾಸಿಗೆ ಕಂಡವರಾಗಿರಬಾರದು. ಉಬೊನ್ ದೊಡ್ಡಮ್ಮ ಅರವತ್ತೆಂಟು ವರ್ಷದಿಂದ ಆ ಷರತ್ತು ಪಾಲಿಸಿಕೊಂಡು ಬಂದವರು, ಅದನ್ನು ಹೇಳಿಕೊಳ್ಳಲು ಎಂದೂ ನಾಚಿದವರಲ್ಲ.

ಆ ದಿನ ‘ಸೀಗಡಿ ಸಾಮ್ರಾಟ’ ಚಿತ್ರದ ಕೊನೆಯ ದಿನ, ಕೊನೆಯ ಹಾಡು. ನೂಡಲ್ಸ್ ಮಾರುವ ನಾಯಕ ನಿದ್ದೆಗಣ್ಣಲ್ಲಿ ತನ್ನದೇ ಸಾರಿನ ಮಡಕೆಯೊಳಗೆ ಬೀಳುತ್ತಾನೆ. ಒಳಗಿರುವ ಸೀಗಡಿಗಳು ಅವನಿಗೆ ಕಿರೀಟ ತೊಡಿಸಿ ತಮ್ಮ ರಾಜನನ್ನಾಗಿ ಮಾಡಿಕೊಳ್ಳುತ್ತವೆ. ಅವನು ಹಾಡುತ್ತಾನೆ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಸುಫನ್‌ಬುರಿ ಪೇಟೆಯಿಂದ ಒಳಗೆ, ಕಾಲುವೆ ಪಕ್ಕದ ವಿಹಾರದ ಹಿಂದಿನ ಬಯಲಿನಲ್ಲಿ ಬಿದಿರು ಕಟ್ಟಿ, ಗಾರೆ ಮೆತ್ತಿದ ಎರಡಾಳೆತ್ತರದ ಮಡಕೆ ನಿಂತಿತ್ತು. ಅದರ ಸುತ್ತ ಇಪ್ಪತ್ತು ಮಂದಿ ಕುಣಿಯುವ ಹುಡುಗಿಯರು ಸೀಗಡಿಗಳಾಗಿ ನಿಂತಿದ್ದರು. ಮೀಸೆ, ಕೊಂಡಿ, ಬಾಲ ಎಲ್ಲ ಇದ್ದ ಈ ಸೀಗಡಿಗಳ ಸೃಷ್ಟಿಕರ್ತ ಉಡುಪಿನ ಉಸ್ತುವಾರಿಯ ಥವಿನ್.

ಥವಿನ್‌ಗೆ ನಲವತ್ತಮೂರು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯನಾದ್ದರಿಂದ ಮಾತು ಕಡಿಮೆ. ಬಟ್ಟೆಗೆ ಹಣ ಸಾಲದೆ ಅವನು ಎಲ್ಲ ಸೀಗಡಿಗಳನ್ನೂ ಕೆಂಪು ಸುಕ್ಕುಕಾಗದ ಮತ್ತು ಅನ್ನದ ಗಂಜಿಯಿಂದ ಮಾಡಿದ್ದ. ನಾಲ್ಕು ಹನಿ ಬಿದ್ದರೆ ಬಣ್ಣ ಬಿಡುತ್ತಿದ್ದವು, ನಲವತ್ತು ಹನಿ ಬಿದ್ದರೆ ಮೈಯನ್ನೇ ಬಿಡುತ್ತಿದ್ದವು. ಇನ್ನೊಂದು ದಿನ ತೆಗೆಯೋಣವೆಂದರೆ ನಾಯಕ ದೇಚಾ ಅದೇ ರಾತ್ರಿ ಹಾಡುಗಾರಿಕೆಯ ತಂಡ ಕಟ್ಟಿಕೊಂಡು ಈಶಾನ್ಯದ ಊರೂರು ಸುತ್ತಲು ಹೊರಡುವವನು. ಚಳಿಗಾಲ ಮುಗಿಯುವವರೆಗೆ ಅವನ ಮುಖ ಕಾಣುವಂತಿರಲಿಲ್ಲ. ಮಳೆ ಬಂದರೆ ಚಿತ್ರಕ್ಕೆ ಕೊನೆಯೇ ಇರುವುದಿಲ್ಲ.

ಮುಯ್ ಅಕ್ಕ ಬೀಸಣಿಗೆ ಬೀಸಿಕೊಳ್ಳುತ್ತ ಮಡಕೆಯ ಮುಂದೆ ಬಂದು ನಿಂತಳು. ಪೇಟೆಯಲ್ಲಿ ಮಂಜುಗಡ್ಡೆಯ ಕಾರ್ಖಾನೆ ನಡೆಸಿ, ಅದರಲ್ಲಿ ಬಂದದ್ದನ್ನೆಲ್ಲ ಸಿನಿಮಾದಲ್ಲಿ ಕರಗಿಸುವ ನಿರ್ಮಾಪಕಿ ಅವಳು.

“ದೊಡ್ಡಮ್ಮ ಇವತ್ತು ಏಳಲ್ಲ. ಬೇರೆ ಯಾರಾದ್ರೂ ನೆಡಬೇಕು. ನಿಮ್ಮಲ್ಲಿ ಯಾರು ನೆಡ್ತೀರಿ, ಕೈ ಎತ್ತಿ” ಎಂದಳು.

ಸೀಗಡಿಗಳೆಲ್ಲ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡವು. ಮುಂದಿನ ಸಾಲಿನ ಮುಕ್ದಾ, ಬಾಯಿ ಜೋರಿನ ಹುಡುಗಿ, “ಅಕ್ಕಾ, ಈ ಬಾಲ ಕಟ್ಕೊಂಡು ಬಗ್ಗೋಕಾಗಲ್ಲ” ಎಂದಳು. ಉಳಿದ ಹತ್ತೊಂಬತ್ತು ಮಂದಿಗೂ ಬಾಲದ್ದೇ ತೊಂದರೆ ಎಂದು ತಕ್ಷಣ ಗೊತ್ತಾಯಿತು. ದೀಪದವರು ದೀಪ ಒರೆಸತೊಡಗಿದರು. ಕ್ಯಾಮರಾದವನು ಮೂರು ಮಕ್ಕಳ ತಂದೆ, ಅವನೊಬ್ಬ ಮಾತ್ರ ನೆಮ್ಮದಿಯಾಗಿ ಸಿಗರೇಟು ಹಚ್ಚಿದ. ಬೆಳ್ಳಿಯ ಮಿಣುಕು ಹೊಲಿದ ಬಿಳಿ ಸೂಟು ತೊಟ್ಟು ಕನ್ನಡಿಯೆದುರು ಕೂತಿದ್ದ ದೇಚಾ ಬಾಚಣಿಗೆ ಎತ್ತಿ, “ನನ್ನನ್ನಂತೂ ಯಾರೂ ಕೇಳಬೇಡಿ. ನಾನು ನೆಟ್ರೆ ಪ್ರವಾಹವೇ ಬಂದುಬಿಡುತ್ತೆ” ಎಂದು ಕಣ್ಣು ಹೊಡೆದ. ಎಲ್ಲರೂ ಗೊಳ್ಳೆಂದು ನಕ್ಕರು. ಭಿತ್ತಿಚಿತ್ರಗಳಲ್ಲಿ ಅವನ ಹೆಸರಿನ ಕೆಳಗೆ ‘ಸಾವಿರ ಹೃದಯಗಳ ಕಳ್ಳ’ ಎಂದು ಅಚ್ಚಾಗಿರುತ್ತಿತ್ತು.

ಆಗ ಪಾಯಿಖಾನೆಯ ಕಡೆಯಿಂದ ಕ್ಷೀಣವಾದ ಧ್ವನಿ ಬಂತು. “ಥವಿನ್‌ನ ಕರೀರಿ.”

“ಗಂಡಸು ನೆಟ್ರೆ ನಡೆಯುತ್ತಾ ದೊಡ್ಡಮ್ಮ?” ಮುಯ್ ಅಕ್ಕ ಕೇಳಿದಳು.

“ಮೋಡಕ್ಕೆ ಗಂಡು ಹೆಣ್ಣು ಕಟ್ಕೊಂಡು ಏನಾಗಬೇಕು? ಶುದ್ಧ ಇದ್ರಾಯ್ತು. ಹದಿನೈದು ವರ್ಷದಿಂದ ಇವನ ಪಕ್ಕ ಕೂತು ಗುಂಡಿ ಹೊಲಿದಿದೀನಿ. ನಾಯಕಿ ರವಿಕೆ ಅಳತೆ ತೆಗೆಯುವಾಗ ಕಣ್ಣು ಮುಚ್ಕೊಂಡು ತೆಗೀತಾನೆ. ಅದಕ್ಕೇ ಒಂದು ರವಿಕೆನೂ ಸರಿಯಾಗಿ ಕೂತಿಲ್ಲ. ಇವನಲ್ಲದೆ ಇನ್ಯಾರು?” ಅಷ್ಟು ಹೇಳಿ ದೊಡ್ಡಮ್ಮ ಮತ್ತೆ ಒಳಗೋಡಿದರು.

ಥವಿನ್ ಬಾಯಲ್ಲಿದ್ದ ಗುಂಡುಸೂಜಿ ನುಂಗುವುದರಲ್ಲಿದ್ದ.

ಅವನ ಕಷ್ಟ ಇಷ್ಟೇ. ಎರಡು ತಿಂಗಳ ಹಿಂದೆ ಜನರೇಟರ್ ಕೆಟ್ಟು ಚಿತ್ರೀಕರಣಕ್ಕೆ ರಜೆ ಸಿಕ್ಕ ದಿನ ಥವಿನ್ ತಂಡದ ಅಡುಗೆಯ ಲಮೈಯನ್ನು ಪೇಟೆಗೆ ಕರೆದುಕೊಂಡು ಹೋಗಿ, ಸರ್ಕಾರಿ ಕಚೇರಿಯಲ್ಲಿ ಮದುವೆ ಮಾಡಿಕೊಂಡಿದ್ದ. ಅವತ್ತು ಜನರೇಟರ್ ರಿಪೇರಿಯಾಗಲಿಲ್ಲ, ಅವರಿಬ್ಬರೂ ರಾತ್ರಿ ಹಿಂದಿರುಗಲಿಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಹಿಂದಿನ ಚಿತ್ರದಲ್ಲಿ ನಾಯಕಿ ಆಗಿನ ಕ್ಯಾಮರಾದವನ ಜೊತೆ ಓಡಿಹೋಗಿ, ಅವಳು ಮಧ್ಯಂತರದಲ್ಲೇ ಸತ್ತಳೆಂದು ತೋರಿಸಿ, ಉಳಿದರ್ಧ ಸಿನಿಮಾದಲ್ಲಿ ನಾಯಕನನ್ನು ಅವಳ ಫೋಟೋದ ಮುಂದೆ ಹಾಡಿಸಿ ಕೈ ಸುಟ್ಟುಕೊಂಡಿದ್ದ ಮುಯ್ ಅಕ್ಕ ಅಂದಿನಿಂದ ಒಂದು ಕಟ್ಟಪ್ಪಣೆ ಮಾಡಿದ್ದಳು. ಚಿತ್ರ ಮುಗಿಯುವವರೆಗೆ ತಂಡದಲ್ಲಿ ಪ್ರೇಮ ತೆರೆಯ ಮೇಲೆ ಮಾತ್ರ. ಸಿಕ್ಕಿಬಿದ್ದವರು ಇಬ್ಬರೂ ಗಂಟುಮೂಟೆ ಕಟ್ಟಬೇಕು, ಮತ್ತೆ ಅವಳ ಚಿತ್ರದ ನೆರಳಿಗೂ ಬರಬಾರದು. ಇವತ್ತೊಂದು ದಿನ ಕಳೆದರೆ ಸಂಜೆಯ ಊಟದಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿಬಿಡುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಈಗ ನೆಡಲ್ಲ ಎಂದರೆ ಗುಟ್ಟು ರಟ್ಟು. ನೆಟ್ಟು ಮಳೆ ಬಂದರೂ ಗುಟ್ಟು ರಟ್ಟು, ಜೊತೆಗೆ ಸೀಗಡಿಗಳೂ ಹಾಳು.

ಸಾರಿಗೆ ಘಮ ಕೊಡುವ ಮಜ್ಜಿಗೆ ಹುಲ್ಲು ಅಡುಗೆ ಡೇರೆಯಿಂದಲೇ ಬರಬೇಕಿತ್ತು. ಲಮೈ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತ ಒಂದು ಕಟ್ಟು ಹಿಡಿದು ಬಂದಳು. ಬೆಳಗಿನಿಂದ ಅವಳ ಬಾಯಿಗೆ ಅದೊಂದೇ. ಜನರೆಲ್ಲ ನೋಡುತ್ತಿರುವಾಗ ಒಂದು ದಂಟು ಆರಿಸಿ ಗಂಡನ ಕೈಗಿಟ್ಟು, “ಇದಾಗುತ್ತಾ, ಇನ್ನೂ ಶುದ್ಧವಾದ್ದು ಬೇಕಾ?” ಎಂದು ಕೇಳಿದಳು. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

ಥವಿನ್ ಅಡುಗೆ ಡೇರೆಯ ಹಿಂದೆ, ಕಾಲುವೆ ದಡದಲ್ಲಿ ಮೊಣಕಾಲೂರಿ ಕೂತ. ಗುಂಡಿ ತೋಡಿ ದಂಟನ್ನು ತಲೆಕೆಳಗಾಗಿ ನೆಟ್ಟ. ಕೈಮುಗಿದು ಆಕಾಶ ನೋಡಿ ತುಟಿಯಲ್ಲೇ ಪಿಸುಗುಟ್ಟಿದ: “ಮೋಡಪ್ಪಾ, ವಿಷಯ ನಿನಗೂ ಗೊತ್ತು, ನನಗೂ ಗೊತ್ತು. ಸಂಜೆವರೆಗೆ ಬಾಯಿ ಬಿಡಬೇಡ.” ಹಿಂದೆ ನಿಂತಿದ್ದವರು ಅದನ್ನು ಮಂತ್ರವೆಂದುಕೊಂಡು ತಾವೂ ಕೈಮುಗಿದರು.

ಅವನು ಎದ್ದು ಮೊಣಕಾಲು ಝಾಡಿಸುವಷ್ಟರಲ್ಲಿ ದಕ್ಷಿಣದ ತಾಳೆಮರಗಳ ಹಿಂದಿನಿಂದ ಒಂದು ಮೋಡ ತಲೆ ಎತ್ತಿತು.

ಬೆಳಗಿನ ಹತ್ತರ ಹೊತ್ತಿಗೆ ಸುದ್ದಿ ಊರೊಳಗೂ ಹರಡಿತ್ತು. ಈ ಊರಿನವರಿಗೆ ಸಿನಿಮಾ ನೋಡುವುದಕ್ಕಿಂತ ಆಕಾಶ ನೋಡುವುದು ಹೆಚ್ಚು ಇಷ್ಟ. ಒಬ್ಬಳು ಮುದುಕಿ ಬಂದು ಹುಲ್ಲಿನ ಮುಂದೆ ಊದುಬತ್ತಿ ಹಚ್ಚಿದಳು. ಇನ್ನೊಬ್ಬಳು ಮಲ್ಲಿಗೆ ಹಾರ ಹಾಕಿದಳು. ಬಾತುಕೋಳಿ ಕಾಯುವ ಇಬ್ಬರು ಬಾತುಕೋಳಿ ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಒಬ್ಬ ಹೇಳಿದ, “ಮನುಷ್ಯನ್ನ ನೋಡಿದ್ರೆ ಶುದ್ಧನೇ ಅನ್ಸುತ್ತೆ.” ಇನ್ನೊಬ್ಬ, “ಆ ಕಿವಿ ನೋಡು. ಆ ಕಿವಿಗೆ ಯಾವ ಹೆಣ್ಣು ಒಪ್ತಾಳೆ?” ಎಂದ. ಥವಿನ್ ಕಿವಿ ಮುಚ್ಚಿಕೊಂಡು ಅಡುಗೆ ಡೇರೆಗೆ ನುಗ್ಗಿದ.

“ಲಮೈ, ಮೋಡ ಬರ್ತಿದೆ.”

“ಬರಲಿ. ನಾನೇನು ಹೋಗು ಅನ್ನಲಾ? ನನ್ನ ಮಾತೂ ಕೇಳಲ್ಲ ಈಗ.” ಅವಳು ಒಣಸೀಗಡಿಯ ಡಬ್ಬಿಯ ಮುಚ್ಚಳ ತೆಗೆದವಳು ಮೂಗು ಮುಚ್ಚಿಕೊಂಡು ದೂರ ಸರಿಸಿದಳು. “ಈ ವಾಸನೆ ಒಂದು. ನೀವೇ ಮುಚ್ಚಿ ಅದನ್ನ.”

“ನಗಬೇಡ ಕಣೆ. ಇಬ್ಬರದೂ ಅನ್ನ ಹೋಗುತ್ತೆ.”

ಲಮೈ ನಗು ನಿಲ್ಲಿಸಿ ಅವನ ಕೈ ಹಿಡಿದಳು. “ಹಾಗಾದ್ರೆ ಬೇರೆಯವರ ಕೈಲಿ ಗುಟ್ಟಾಗಿ ಇನ್ನೊಂದು ನೆಡಿಸಿ. ಇಷ್ಟು ದೊಡ್ಡ ಊರಲ್ಲಿ ಒಬ್ಬರು ಸಿಗಲ್ವಾ?” ಎಂದು ಇನ್ನೊಂದು ದಂಟು ಅವನ ಅಂಗಿಯೊಳಗೆ ತುರುಕಿದಳು.

ಥವಿನ್ ಮೊದಲು ಓಡಿದ್ದು ವಿಹಾರಕ್ಕೆ. ಬಾಲ್ಯದಲ್ಲೇ ಕಾವಿ ತೊಟ್ಟ ವಯಸ್ಸಾದ ಭಿಕ್ಷು ಬೋಧಿಮರದ ಕಟ್ಟೆಯ ಮೇಲೆ ಕೂತಿದ್ದರು. ಇದಕ್ಕಿಂತ ಶುದ್ಧ ಕೈ ಇಡೀ ಜಿಲ್ಲೆಯಲ್ಲಿ ಇರಲಾರದು. ಥವಿನ್ ನಮಸ್ಕಾರ ಮಾಡಿ ವಿಷಯ ಬಿನ್ನವಿಸಿದ. ಭಿಕ್ಷುಗಳು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

“ನಾವು ಭೂಮಿ ಅಗೆಯೋ ಹಾಗಿಲ್ಲ ಮಗಾ. ಮಣ್ಣಲ್ಲಿ ಹುಳ ಹುಪ್ಪಟೆ ಇರುತ್ತೆ. ಗಿಡ ಕೀಳೋ ಹಾಗೂ ಇಲ್ಲ.”

“ಕಿತ್ತಿರೋದೇ ಇದೆ ಸ್ವಾಮಿ. ಗುಂಡಿ ನಾನೇ ತೋಡ್ತೀನಿ. ತಾವು ಬರೀ ಹಿಡ್ಕೊಂಡ್ರೆ ಸಾಕು.”

“ಮಳೆ ಬೇಡ ಅಂತ ನಾನ್ಯಾಕೆ ಹಿಡ್ಕೊಳ್ಳಲಿ? ವಿಹಾರದ ನೀರಿನ ತೊಟ್ಟಿ ಖಾಲಿ ಇದೆ” ಎಂದು ಭಿಕ್ಷುಗಳು ಮೋಡದ ಕಡೆ ನೋಡಿ ಪ್ರಸನ್ನರಾದರು.

ಅಲ್ಲಿಂದ ಊರ ಮುಖಂಡನ ಮನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಒಳ್ಳೆಯ ಹುಡುಗಿಯರೆಂದು ಊರೆಲ್ಲ ಹೇಳುತ್ತಿತ್ತು. ಥವಿನ್ ಜಗುಲಿಯ ಕೆಳಗೆ ನಿಂತು, ನಾಯಿ ಬೊಗಳುತ್ತಿದ್ದರೂ ಬಿಡದೆ, ಮಗಳನ್ನು ಐದು ನಿಮಿಷ ಕಳಿಸಿಕೊಡಬೇಕೆಂದು ಬೇಡಿಕೊಂಡ. ಯಾಕೆಂದೂ ಹೇಳಿದ.

ಮುಖಂಡ ಸಿಟ್ಟಾಗಲಿಲ್ಲ, ಯೋಚನೆ ಮಾಡಿದ. “ನನ್ನ ಮಗಳು ಅಪರಂಜಿ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವಳು ನೆಟ್ಟ ಮೇಲೆ ಮಳೆ ಬಂದ್ಬಿಟ್ರೆ?”

“ಅಪರಂಜಿ ಅಂದ ಮೇಲೆ ಮಳೆ ಹೇಗೆ ಬರುತ್ತೆ?”

“ಮೋಡಕ್ಕೇನು ಬುದ್ಧಿ ಇದೆಯಾ? ಬಂದ್ರೂ ಬಂತು. ನೆರೆಯವರಿಗೆ ಏನು ಹೇಳಲಿ? ಬಂದಿರೋ ಎರಡು ಸಂಬಂಧ ಹಿಂದೆ ಹೋಗುತ್ತೆ.” ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ, ಯಾರದು ನನ್ನ ಮಗಳನ್ನು ಕೇಳುತ್ತಿರುವುದು ಎನ್ನುತ್ತ ಒನಕೆ ಹಿಡಿದು ಬಂದಳು. ಥವಿನ್ ಬಂದ ದಾರಿಯಲ್ಲೇ ಓಡಿದ. ನಾಯಿ ಕಾಲುವೆಯ ಸೇತುವೆಯವರೆಗೆ ಜೊತೆ ಕೊಟ್ಟಿತು. ಸೇತುವೆ ದಾಟಿ ಅಂಗಿ ಮುಟ್ಟಿ ನೋಡಿಕೊಂಡರೆ ದಂಟೂ ಇರಲಿಲ್ಲ, ಎರಡು ಗುಂಡಿಯೂ ಇರಲಿಲ್ಲ.

ಹಿಂದಿರುಗಿದಾಗ ಹಾಡು ಶುರುವಾಗಿತ್ತು. ಧ್ವನಿವರ್ಧಕದಲ್ಲಿ ತಮಟೆ, ಕಹಳೆ. ಮಡಕೆಯ ಅಂಚಿನಿಂದ ದೇಚಾ ಹಗ್ಗ ಹಿಡಿದು ಇಳಿಯುತ್ತಿದ್ದ. ಕೆಳಗೆ ಸೀಗಡಿಗಳು ಬಾಲ ಕುಣಿಸುತ್ತ ಸುತ್ತು ಹಾಕುತ್ತಿದ್ದವು. ಇಂಥ ಹುಚ್ಚಾಟವನ್ನು ನೋಡಿದರೆ ಎಂಥ ಮನುಷ್ಯನಿಗೂ ಖುಷಿಯಾಗಬೇಕು. ಅಷ್ಟೊಂದು ಕೆಂಪು, ಅಷ್ಟೊಂದು ಗದ್ದಲ. ತನ್ನ ಕೈಯಾರೆ ಅಂಟಿಸಿದ ಮೀಸೆಗಳು ಗಾಳಿಯಲ್ಲಿ ಆಡುವುದನ್ನು ನೋಡಿ ಥವಿನ್‌ಗೆ ಒಂದು ಕ್ಷಣ ಮೋಡ ಮರೆತೇ ಹೋಯಿತು. ಆಮೇಲೆ ಬೆಳಕು ಕಡಿಮೆಯಾಯಿತು.

ಮೋಡ ಈಗ ಬಯಲಿನ ನೆತ್ತಿಯ ಮೇಲೇ ಇತ್ತು. ತಣ್ಣನೆ ಗಾಳಿ ಬೀಸಿತು. ಮುಕ್ದಾ ಕುಣಿಯುತ್ತಿದ್ದವಳು ತಟ್ಟನೆ ನಿಂತು ಮೂಗು ಮುಟ್ಟಿಕೊಂಡಳು.

“ಹನಿ ಬಿತ್ತು” ಎಂದಳು.

ಹಾಡು ನಿಂತಿತು. ಇಪ್ಪತ್ತು ಸೀಗಡಿಗಳು, ನಿರ್ದೇಶಕ ಚರುನ್, ದೀಪದವರು, ಹುಲ್ಲು ಬಿಟ್ಟು ಹಾಡು ನೋಡಲು ಬಂದಿದ್ದ ಬಾತುಕೋಳಿಯವರು, ಎಲ್ಲರೂ ತಿರುಗಿ ಥವಿನ್ ಕಡೆ ನೋಡಿದರು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವನ ಜೀವನದಲ್ಲಿ ಅದೇ ಮೊದಲು.

“ಅದು ಹನಿ ಅಲ್ಲ, ಬೆವರು” ಎಂದ ಥವಿನ್.

“ನನ್ನ ಬೆವರು ಆಕಾಶದಿಂದ ಬೀಳಲ್ಲ” ಎಂದಳು ಮುಕ್ದಾ.

ಮುಯ್ ಅಕ್ಕ ಬೀಸಣಿಗೆ ಮಡಿಚಿ ನಿಧಾನವಾಗಿ ಅವನ ಹತ್ತಿರ ಬಂದಳು. “ಥವಿನ್, ನನ್ನ ಕಣ್ಣು ನೋಡಿ ಹೇಳು. ನನ್ನ ಹತ್ರ ಹೇಳದೆ ಇರೋದು ಏನಾದ್ರೂ ಇದೆಯಾ?”

ಥವಿನ್ ಅವಳ ಕಣ್ಣು ಬಿಟ್ಟು ಉಳಿದೆಲ್ಲವನ್ನೂ ನೋಡಿದ. ಆಗಲೇ ಮಡಕೆಯ ಬಳಿಯಿಂದ ದೇಚಾ ಹೊಟ್ಟೆ ಹಿಡಿದುಕೊಂಡು, “ನನಗೂ ನಿನ್ನೆಯ ಏಡಿ ಕೆಲಸ ಕೊಡ್ತಿದೆ. ಐದು ನಿಮಿಷ” ಎಂದು ಅಡುಗೆ ಡೇರೆಯ ಹಿಂದಕ್ಕೆ ಓಡಿದ. ನಾಯಕನೇ ಹೋದ ಮೇಲೆ ಎಲ್ಲರ ಗಮನ ಆ ಕಡೆ ಹೋಯಿತು. ಚರುನ್ ತಲೆಯ ಮೇಲೆ ಕೈ ಹೊತ್ತು ಕೂತ. ಥವಿನ್ ಸೀಗಡಿಗಳನ್ನೆಲ್ಲ ಮಡಕೆಯೊಳಗೆ ತುಂಬಿ ಮೇಲೆ ತಾಡಪಾಲು ಎಳೆದ. ಒಳಗಿನಿಂದ ಇಪ್ಪತ್ತು ಮಂದಿಯ ಬೈಗುಳ ಒಟ್ಟಿಗೆ ಕೇಳಿಸುತ್ತಿತ್ತು.

ಐದು ನಿಮಿಷವೂ ಆಗಿರಲಿಲ್ಲ. ಗಾಳಿ ದಿಕ್ಕು ಬದಲಿಸಿತು. ಮೋಡ ಕಾಲುವೆಯವರೆಗೆ ಸರಿದು, ಏನನ್ನೋ ಮರೆತವರಂತೆ ನಿಂತು, ಸೀದಾ ಪೂರ್ವಕ್ಕೆ ತಿರುಗಿತು. ಕಾಲುವೆಯ ಆಚೆಯ ಊರಿನ ಮೇಲೆ ಧೋ ಎಂದು ಮಳೆ ಸುರಿಯುವುದು ಇಲ್ಲಿಂದ ಕಾಣುತ್ತಿತ್ತು. ಆ ಊರಿನವರು ಒಣಹಾಕಿದ ಬಟ್ಟೆ ಎತ್ತಿಕೊಂಡು ಓಡುವುದೂ ಕಾಣುತ್ತಿತ್ತು. ಈಚೆ ದಡದಲ್ಲಿ ಬಿಸಿಲು ಬಿತ್ತು.

ಬಾತುಕೋಳಿಯವರು ಎದ್ದು ಥವಿನ್‌ಗೆ ನಮಸ್ಕಾರ ಮಾಡಿದರು.

ದೇಚಾ ಹಿಂದಿರುಗಿ ಬಂದ. ಅವನ ಬಿಳಿ ಪ್ಯಾಂಟಿನ ಎರಡೂ ಮೊಣಕಾಲಿಗೆ ಕೆಸರು ಮೆತ್ತಿತ್ತು. “ಏನಯ್ಯಾ ಇದು, ಪಾಯಿಖಾನೆಗೆ ಮೊಣಕಾಲೂರಿ ಹೋಗಿದ್ಯಾ?” ಎಂದು ಥವಿನ್ ಗೊಣಗುತ್ತ, ಬಿಳಿ ಪೌಡರು ಬಳಿದು ಕಲೆ ಮುಚ್ಚಿದ. ದೇಚಾ ಎಂದಿನಂತೆ ತಮಾಷೆ ಮಾಡಲಿಲ್ಲ, ಆಕಾಶ ನೋಡುತ್ತ ನಿಂತಿದ್ದ. ಅವನ ಕೈಯಿಂದ ಸಾರಿನ ಘಮ ಬರುತ್ತಿತ್ತು. ಹಾಡು ಮತ್ತೆ ಶುರುವಾಗಿ, ಸೂರ್ಯ ಇಳಿಯುವ ಹೊತ್ತಿಗೆ ಸಾಂಗವಾಗಿ ಮುಗಿಯಿತು. ಚರುನ್ ಕೊನೆಯ ಸಲ “ಕಟ್” ಎಂದಾಗ ಸೀಗಡಿಗಳು ತಮ್ಮ ಬಾಲ ತಾವೇ ಹರಿದು ಮೇಲಕ್ಕೆ ತೂರಿದವು.

ಥವಿನ್ ಕಾಲುವೆ ದಡಕ್ಕೆ ಹೋದ. ಹುಲ್ಲಿಗೆ ಕೈಮುಗಿದು ಧನ್ಯವಾದ ಹೇಳೋಣವೆಂದು ಬಗ್ಗಿದವನು ಹಾಗೇ ನಿಂತ. ಅವನು ನೆಟ್ಟ ದಂಟು ಊದುಬತ್ತಿಯ ಬೂದಿಯ ನಡುವೆ ಒಂದು ಕಡೆ ವಾಲಿತ್ತು. ಅದರಿಂದ ಒಂದು ಗೇಣು ಆಚೆ ಇನ್ನೊಂದು ದಂಟು, ತಲೆಕೆಳಗಾಗಿ, ನೆಟ್ಟಗೆ, ಹಸಿ ಮಣ್ಣಿನಲ್ಲಿ. ಪಕ್ಕದಲ್ಲಿ ಎರಡು ಮೊಣಕಾಲಿನ ಗುರುತು, ಗುರುತಿನಲ್ಲಿ ಒಂದೆರಡು ಬೆಳ್ಳಿಯ ಮಿಣುಕು. ಆ ಮಿಣುಕನ್ನು ಹೊಲಿದವನು ಅವನೇ, ಗುರುತು ಸಿಗದೆ ಹೋಗುವ ಮಾತಿರಲಿಲ್ಲ.

“ದಂಟು ಕೊಟ್ಟಿದ್ದು ನಾನೇ. ಕಿವಿ ಹತ್ರ ಬಂದು ಕೇಳ್ದ ಪಾಪ” ಎಂದಳು ಹಿಂದಿನಿಂದ ಲಮೈ.

ಅವಳ ಹಿಂದೆಯೇ ಸಾವಿರ ಹೃದಯಗಳ ಕಳ್ಳ ಬಂದ. ಬಣ್ಣ ತೊಳೆದ ಮುಖ ಶಾಲೆಯ ಹುಡುಗನದಂತಿತ್ತು. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿ ಖಚಿತ ಮಾಡಿಕೊಂಡ.

“ಅಣ್ಣಾ, ಯಾರಿಗೂ ಹೇಳಬೇಡಿ.”

“ನೀನಾ?” ಥವಿನ್‌ಗೆ ನಂಬಲಾಗಲಿಲ್ಲ. “ಹೋದ ವರ್ಷ ಖೋರಾಟ್‌ನಲ್ಲಿ ನಿನಗೋಸ್ಕರ ಇಬ್ಬರು ಹೆಂಗಸರು ಜಡೆ ಹಿಡ್ಕೊಂಡು ಹೊಡೆದಾಡಿದ್ರಂತೆ?”

“ಹೊಡೆದಾಡಿದ್ರು. ನಾನು ಬಸ್ಸಲ್ಲಿ ಅಮ್ಮನ ಪಕ್ಕ ಮಲಗಿದ್ದೆ. ಹದಿನಾರನೇ ವರ್ಷದಿಂದ ಹಾಡ್ತಿದೀನಿ, ಹದಿನಾರನೇ ವರ್ಷದಿಂದ ಅಮ್ಮ ಪಕ್ಕದ ಸೀಟಲ್ಲೇ ಇದಾರೆ. ಈ ಕತೆಗಳನ್ನೆಲ್ಲ ಪತ್ರಿಕೆಯವರಿಗೆ ಹೇಳೋದೂ ಅವರೇ.” ದೇಚಾ ಮತ್ತೊಮ್ಮೆ ಹಿಂದೆ ತಿರುಗಿ ನೋಡಿದ. “ಇದು ಹೊರಗೆ ಬಂದ್ರೆ ನನ್ನ ಹಾಡು ಯಾರು ಕೇಳ್ತಾರೆ ಅಣ್ಣಾ? ಎಲ್ಲಾ ಹಾಡಲ್ಲೂ ನಾನು ಮೋಸ ಮಾಡಿ ಓಡಿಹೋಗೋನು. ಆದ್ರೆ ನಿಮ್ಮನ್ನ ಎಲ್ಲರೂ ಹಾಗೆ ನೋಡ್ತಾ ಇದ್ದಿದ್ದು ತಡೆಯೋಕಾಗಲಿಲ್ಲ. ಅದೂ ಅಲ್ದೆ ನಿಮ್ಮ ಸೀಗಡಿಗಳು ತುಂಬಾ ಚೆನ್ನಾಗಿದ್ವು.”

ಥವಿನ್‌ಗೆ ಕಣ್ಣು ತುಂಬಿ ಬಂತು. ತನ್ನ ಕೆಲಸ, ಹೆಂಡತಿಯ ಕೆಲಸ, ಇಪ್ಪತ್ತು ಸೀಗಡಿ, ಇಡೀ ಚಿತ್ರ, ಎಲ್ಲವನ್ನೂ ಈ ಹುಡುಗ ಉಳಿಸಿದ್ದ. “ನನ್ನ ಗುರುವಿನ ಆಣೆ. ಈ ಬಾಯಿಂದ ಬರಲ್ಲ” ಎಂದು ಅಂಗೈ ಎದೆಗೊತ್ತಿ ಮಾತು ಕೊಟ್ಟ. ಲಮೈಯೂ ಆಣೆ ಇಟ್ಟಳು. ದೇಚಾ ಇಬ್ಬರಿಗೂ ಕೈಮುಗಿದ.

ಸಂಜೆಯ ಊಟಕ್ಕೆ ಬಯಲಿನಲ್ಲೇ ಚಾಪೆ ಹಾಸಿತ್ತು. ಅಂಟನ್ನ, ಸುಟ್ಟ ಕೋಳಿ, ಸಿಂಪಿ, ನಿಜವಾದ ಸೀಗಡಿಯ ಸಾರು. ಬಾತುಕೋಳಿಯವರೂ ಬಂದು ಕೂತಿದ್ದರು. ಉಬೊನ್ ದೊಡ್ಡಮ್ಮ ಗಂಜಿಯ ಬಟ್ಟಲು ಹಿಡಿದು ವಿಹಾರದ ಗೋಡೆಗೊರಗಿ ಕೂತಿದ್ದರು. ಮುಯ್ ಅಕ್ಕ ಬೀರಿನ ಲೋಟ ಎತ್ತಿ, “ಈ ಚಿತ್ರ ಉಳಿಸಿದವನು ಥವಿನ್” ಎಂದಳು. ಎಲ್ಲರೂ ಕೇಕೆ ಹಾಕಿದರು. ದೇಚಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಇದೇ ಸಮಯವೆಂದು ಥವಿನ್ ಎದ್ದು ನಿಂತ. ಎರಡು ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚುವ ಸಂತೋಷದಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ. “ಮುಯ್ ಅಕ್ಕ, ಚಿತ್ರ ಮುಗೀತು, ಅದಕ್ಕೇ ಹೇಳ್ತಿದೀನಿ. ನಾನು ಮತ್ತೆ ಲಮೈ ಮದುವೆ ಆಗಿದೀವಿ. ಎರಡು ತಿಂಗಳಾಯ್ತು” ಎಂದ. ಲಮೈ ಪಕ್ಕಕ್ಕೆ ಬಂದು ತಲೆ ತಗ್ಗಿಸಿ ನಿಂತಳು.

ಮುಯ್ ಅಕ್ಕನ ಹುಬ್ಬು ಮೇಲೇರಿತು. ಥವಿನ್ ಬೈಗುಳಕ್ಕೆ ಸಿದ್ಧನಾಗಿ ನಿಂತ. ಆದರೆ ಅವಳು ಬೈಯಲಿಲ್ಲ. ತಲೆ ಎತ್ತಿ ಆಕಾಶ ನೋಡಿದಳು, ಆಮೇಲೆ ಥವಿನ್‌ನನ್ನು ನೋಡಿದಳು, ಮತ್ತೆ ಆಕಾಶ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಆಕಾಶ ನೋಡಿದರು. ನಕ್ಷತ್ರಗಳು ಸ್ವಚ್ಛವಾಗಿ ಹೊಳೆಯುತ್ತಿದ್ದವು.

“ಎರಡು ತಿಂಗಳಾಯ್ತಾ?” ಮುಯ್ ಅಕ್ಕ ಮೆತ್ತಗೆ ಕೇಳಿದಳು.

“ಹೌದು.”

“ಆದ್ರೂ ಮಳೆ ಬರಲಿಲ್ಲ.”

ಥವಿನ್ ಬಾಯಿ ತೆರೆದ. ಚಾಪೆಯ ಆ ತುದಿಯಲ್ಲಿ ದೇಚಾ, ಎತ್ತಿದ ಕೋಳಿಕಾಲು ಹಾಗೇ ಹಿಡಿದು, ಬಿಳಿಚಿಕೊಂಡ ಮುಖದಲ್ಲಿ ಅವನನ್ನೇ ನೋಡುತ್ತಿದ್ದ. ಥವಿನ್ ಬಾಯಿ ಮುಚ್ಚಿದ.

“ಅಯ್ಯೋ ಪಾಪ” ಎಂದಳು ಮುಕ್ದಾ. ಬಾಯಿ ಜೋರಿನ ಆ ಹುಡುಗಿಯ ಧ್ವನಿ ಅಷ್ಟು ಮೃದುವಾದದ್ದನ್ನು ಯಾರೂ ಕೇಳಿರಲಿಲ್ಲ. ಅವಳು ಎದ್ದು ಬಂದು ಲಮೈಯ ಭುಜ ನೇವರಿಸಿದಳು. ಕ್ಯಾಮರಾದವನು ಥವಿನ್‌ನನ್ನು ಪಕ್ಕಕ್ಕೆ ಕರೆದು, “ನಾಚ್ಕೋಬೇಡ. ನಮ್ಮ ಭಾವನಿಗೂ ಹೀಗೇ ಇತ್ತು. ಹಾವುಮೀನಿನ ಸಾರು ಕುಡಿದ, ಈಗ ನಾಲ್ಕು ಮಕ್ಕಳು” ಎಂದ. ಚರುನ್, ಗಂಡಸಿಗೆ ಬಲ ಬರುತ್ತದೆ ಎನ್ನುತ್ತ, ತನ್ನ ತಟ್ಟೆಯ ಸಿಂಪಿಗಳನ್ನೆಲ್ಲ ಥವಿನ್ ತಟ್ಟೆಗೆ ಸುರಿದ. ದೀಪದವನೊಬ್ಬ ಓಡಿಹೋಗಿ ಬೇರುನಾರು ಹಾಕಿದ ಕಪ್ಪು ಸಾರಾಯಿಯ ಸೀಸೆ ತಂದ. ಇಡೀ ತಂಡ ಅಷ್ಟು ಪ್ರೀತಿಯಿಂದ ಅವನನ್ನು ಎಂದೂ ನೋಡಿಕೊಂಡಿರಲಿಲ್ಲ.

“ನಾನು ಬಯ್ಯಲ್ಲ” ಎಂದಳು ಮುಯ್ ಅಕ್ಕ. “ಬಯ್ಯೋ ಅಂಥದ್ದು ಏನು ನಡೆದಿದೆ? ದೊಡ್ಡಮ್ಮಂಗೂ ವಯಸ್ಸಾಯ್ತು. ಮುಂದಿನ ಚಿತ್ರ ಧೈರ್ಯವಾಗಿ ಮಳೆಗಾಲದಲ್ಲೇ ಶುರು ಮಾಡೋಣ, ನೆಡೋಕೆ ನೀನೇ. ಲಮೈ ಅಡುಗೆಗೆ ಇರಲಿ. ಮದುವೆ ಆಗಿದ್ರೆ ಆಗಿದೆ ಬಿಡು, ನನ್ನದೇನೂ ಅಭ್ಯಂತರ ಇಲ್ಲ. ಇಬ್ಬರೂ ಹೀಗೇ ಇದ್ದುಬಿಡಿ, ಸಾಕು.”

ಥವಿನ್ ಕುಸಿದು ಕೂತ. ಲಮೈ ಪಕ್ಕದಲ್ಲಿ ಕೂತು, ನಗು ತಡೆಯಲಾರದೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ಮುಕ್ದಾ ಮತ್ತೊಮ್ಮೆ ಬೆನ್ನು ಸವರಿ ಹೋದಳು.

“ಆಯ್ತಲ್ಲ, ಕೆಲಸ ಉಳೀತು” ಎಂದ ಥವಿನ್ ಪಿಸುಮಾತಿನಲ್ಲಿ. “ಅನ್ನೋರು ಏನಾದ್ರೂ ಅಂದ್ಕೊಳ್ಳಲಿ. ನಾಲ್ಕು ದಿನ ಆದ್ಮೇಲೆ ಮರೀತಾರೆ.”

ಲಮೈ ಸಿಂಪಿಯ ತಟ್ಟೆಯನ್ನು ಮೂಗು ಮುಚ್ಚಿಕೊಂಡು ದೂರ ತಳ್ಳಿದಳು. ಅವನ ಕಿವಿಯ ಹತ್ತಿರ ಬಾಗಿದಳು.

“ಒಂದು ವಿಷಯ ಹೇಳಬೇಕಿತ್ತು ರೀ. ಎಲ್ಲರಿಗೂ ಮದುವೆ ಸುದ್ದಿ ಗೊತ್ತಾದ ಮೇಲೆ ಹೇಳಿದ್ರೆ ಖುಷಿ ಅಂತ ಸುಮ್ಮನಿದ್ದೆ. ನಿನ್ನೆ ಸೂಲಗಿತ್ತಿ ನೋಡಿ ಹೌದು ಅಂದ್ಳು. ಬೇಸಿಗೆ ಕೊನೆಗೆ ನಾವು ಮೂರು ಜನ.”

ಥವಿನ್ ಹೆಂಡತಿಯ ಮುಖ ನೋಡಿದ. ಅವನ ಜೀವಮಾನದ ಅತಿ ದೊಡ್ಡ ಸಂತೋಷ ಕಾಲಿನಿಂದ ಹೊರಟು ಎದೆಯವರೆಗೆ ಬಂತು. ಅಲ್ಲಿಂದ ಮೇಲೆ ಹೋಗದೆ ನಿಂತಿತು. ಅವನು ನಿಧಾನವಾಗಿ ಸುತ್ತ ನೋಡಿದ. ಮುಯ್ ಅಕ್ಕ, ಮುಕ್ದಾ, ಚರುನ್, ಬಾತುಕೋಳಿಯವರು, ಎಲ್ಲರೂ ಕರುಣೆ ತುಂಬಿದ ಕಣ್ಣಲ್ಲಿ ಅವನತ್ತ ನೋಡುತ್ತಿದ್ದರು. ಎಲ್ಲರಿಗೂ ವಿಷಯ ಖಚಿತವಾಗಿ ಗೊತ್ತಿತ್ತು. ಆಕಾಶವೇ ಸಾಕ್ಷಿ ಹೇಳಿತ್ತು. ಆ ತುದಿಯಲ್ಲಿ ದೇಚಾ ನೆಮ್ಮದಿಯಾಗಿ ಕೋಳಿಕಾಲು ಮುಗಿಸುತ್ತಿದ್ದ.

ಥವಿನ್ ಕಪ್ಪು ಸಾರಾಯಿಯ ಸೀಸೆ ಎತ್ತಿ ಒಂದೇ ಉಸಿರಿಗೆ ಅರ್ಧ ಮಾಡಿದ.

“ನೋಡಿ, ಎಷ್ಟು ಆಸೆಯಿಂದ ಕುಡೀತಾನೆ ಪಾಪ” ಎಂದು ಉಬೊನ್ ದೊಡ್ಡಮ್ಮ ಕಣ್ಣೊರೆಸಿಕೊಂಡರು.